ಗೆದ್ದೆತ್ತಿನ ಬಾಲ ಮತ್ತು ಇಬ್ಬರು ಕ್ರಿಸ್‌ಗಳು

ಈ ಶನಿವಾರ, ಸೆಪ್ಟೆಂಬರ್ 27ಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಗ್ರ್ಯಾಂಡ್ ಫೈನಲ್. ಒಂದು ಕಡೆ ಜಿಲಾಂಗ್, ಇನ್ನೊಂದು ಕಡೆ ಬ್ರಿಸ್ಬೇನ್ ಲಯನ್ಸ್. ಯಾರು ಗೆಲ್ತಾರೆ ಅನ್ನೋದು ಆಮೇಲಿನ ಮಾತು. ಭಾನುವಾರ ಏನು ಬರೀತಾರೆ ಅನ್ನೋದನ್ನ ಮಾತ್ರ ನಾನು ಇವತ್ತೇ ಹೇಳಬಲ್ಲೆ.

ಜಿಲಾಂಗ್ ಗೆದ್ದರೆ: ‘ಕ್ರಿಸ್ ಸ್ಕಾಟ್ ಎಂಬ ಚದುರಂಗದ ಚಾಣಾಕ್ಷ, ಕ್ರಿಸ್ ಫೇಗನ್‌ಗೆ ಉತ್ತರವೇ ಇರಲಿಲ್ಲ.’ ಬ್ರಿಸ್ಬೇನ್ ಗೆದ್ದರೆ: ‘ಕ್ರಿಸ್ ಫೇಗನ್ ಎಂಬ ಹಳೇ ಮೇಷ್ಟ್ರು, ಕ್ರಿಸ್ ಸ್ಕಾಟ್‌ಗೆ ಪಾಠ ಕಲಿಸಿದರು.’ ಇಬ್ಬರ ಹೆಸರೂ ಕ್ರಿಸ್ ಆಗಿರೋದರಿಂದ ಬರೆಯೋರಿಗೆ ಇನ್ನೂ ಸುಲಭ. ಅಡ್ಡಹೆಸರು ಒಂದು ಬದಲಾಯಿಸಿದರೆ ಸಾಕು, ಮಿಕ್ಕಿದ್ದೆಲ್ಲ ಹಾಗೇ ಇಟ್ಕೋಬಹುದು.

ನಮ್ಮ ಕಡೆ ಇದಕ್ಕೊಂದು ಹೆಸರಿದೆ. ಗೆದ್ದೆತ್ತಿನ ಬಾಲ ಹಿಡಿಯೋದು. ಎತ್ತು ಓಡಿ ಗೆದ್ದ ಮೇಲೆ ಅದರ ಬಾಲ ಹಿಡ್ಕೊಂಡು ‘ನಾನು ಮೊದಲೇ ಹೇಳಿರ್ಲಿಲ್ವಾ’ ಅನ್ನೋದು. ಫೈನಲ್‌ಗೆ ಮುಂಚೆ ಒಂದು ವಾರ ‘ಕೋಚ್ ವರ್ಸಸ್ ಕೋಚ್’ ಅಂತ ಬರೆಯೋದು, ಫೈನಲ್ ಮುಗಿದ ಮೇಲೆ ಇನ್ನೊಂದು ವಾರ ಅದನ್ನೇ ತಿರುಗಿಸಿ ಬರೆಯೋದು, ಎರಡೂ ಇದೇ ಕೆಲಸ. ಇದನ್ನ ವಿಶ್ಲೇಷಣೆ ಅಂತ ನಂಬಬೇಡಿ ಅಂತ ಹೇಳೋದಕ್ಕೇ ಈ ಬರಹ.

ಪ್ರಾಜೆಕ್ಟ್ ಮೇಲೆ ಎರಡು ವರ್ಷ ಮೆಲ್ಬರ್ನ್‌ನಲ್ಲಿದ್ದೆ, ಆಗ ಹತ್ತಿದ ಹುಚ್ಚು ಇದು. ಅಲ್ಲಿನವರಿಗೆ ಇದು ಬರೀ ಆಟ ಅಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಫೈನಲ್‌ನ ಹಿಂದಿನ ಶುಕ್ರವಾರ 2015ರಿಂದ ಸರ್ಕಾರಿ ರಜೆ. ಆಫೀಸಿನಲ್ಲಿ ವಾರವಾರ ಯಾರು ಗೆಲ್ತಾರೆ ಅಂತ ಊಹಿಸೋ ಪಟ್ಟಿ ಓಡಾಡುತ್ತೆ, ರಿಸೆಪ್ಷನ್‌ನಲ್ಲಿ ಕೂರೋರಿಂದ ಹಿಡಿದು ಡೈರೆಕ್ಟರ್ ತನಕ. ಆಟ ಗೊತ್ತಿಲ್ಲದವರಿಗೆ ನಾಲ್ಕು ಸಾಲಲ್ಲಿ ಹೇಳ್ತೀನಿ. ಕ್ರಿಕೆಟ್ ಆಡೋ ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು. ತಂಡಕ್ಕೆ 18 ಜನ ಒಟ್ಟಿಗೆ ಮೈದಾನದಲ್ಲಿ. ಆಫ್‌ಸೈಡ್ ಅನ್ನೋದೇ ಇಲ್ಲ, ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಒದ್ದು ಬಂದ ಚೆಂಡನ್ನ ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್. ಹಿಡಿದವನು ನಿಂತು ನಿಧಾನಕ್ಕೆ ಒದೆಯಬಹುದು. ಇಷ್ಟು ಗೊತ್ತಿದ್ದರೆ ಶನಿವಾರಕ್ಕೆ ಸಾಕು.

ಈಗ ‘ಚದುರಂಗ’ದ ಮಾತಿಗೆ ಬರೋಣ. ಚದುರಂಗದಲ್ಲಿ ನಾನೊಂದು ನಡೆ, ನೀನೊಂದು ನಡೆ. ಕಾಯಿಗೆ ಸ್ವಂತ ಬುದ್ಧಿ ಇಲ್ಲ, ಸುಸ್ತಾಗಲ್ಲ, ಹೆದರಿಕೆ ಆಗಲ್ಲ. ಕ್ರಿಕೆಟ್‌ನಲ್ಲೂ ಒಂದು ಮಟ್ಟಿಗೆ ಹಾಗೇ. ಪ್ರತಿ ಬಾಲ್ ಆದಮೇಲೆ ಆಟ ನಿಲ್ಲುತ್ತೆ, ಕ್ಯಾಪ್ಟನ್ ಫೀಲ್ಡ್ ಬದಲಾಯಿಸ್ತಾನೆ, ಬೌಲರ್ ಬದಲಾಯಿಸ್ತಾನೆ. ನಾವು ಆ ಕಣ್ಣಿಂದಲೇ ಎಲ್ಲ ಆಟ ನೋಡ್ತೀವಿ. ಫುಟಿಯಲ್ಲಿ ಹಾಗಿಲ್ಲ ಸ್ವಾಮಿ. ಕಾಲು ಭಾಗದ ಆಟ ಅಂದರೆ ಲೆಕ್ಕಕ್ಕೆ 20 ನಿಮಿಷ, ನಿಂತು ನಿಂತು ಹೋಗೋದರಿಂದ ನಿಜಕ್ಕೆ ಅರ್ಧ ಗಂಟೆ. ಅಷ್ಟು ಹೊತ್ತು ಟೈಮ್‌ಔಟ್ ಅನ್ನೋದು ಒಂದೂ ಇಲ್ಲ.

ಕೋಚ್ ಕೈಯಲ್ಲಿ ಏನಿದೆ ಲೆಕ್ಕ ಹಾಕಿ. 2025ರ ನಿಯಮದ ಪ್ರಕಾರ ಬೆಂಚಿನಲ್ಲಿರೋ ನಾಲ್ವರನ್ನ ಒಳಗೆ ಹೊರಗೆ ಮಾಡಬಹುದಿತ್ತು. ಅದಕ್ಕೂ ಇಡೀ ಪಂದ್ಯಕ್ಕೆ 75 ಸಲ ಅಂತ ಮಿತಿ. ಐದನೆಯವನೊಬ್ಬ ಸಬ್ ಇರ್ತಿದ್ದ, ಅವನನ್ನ ಇಳಿಸ್ತಿದ್ದದ್ದು ಒಂದೇ ಸಲ. ಮಾತು ಮುಟ್ಟಿಸೋಕೆ ರನ್ನರ್ ಅಂತ ಒಬ್ಬ ಇರ್ತಾನೆ. ಮೊದಲೆಲ್ಲ ಅವನು ಮೈದಾನದ ತುಂಬ ಓಡಾಡ್ಕೊಂಡು ‘ನೀ ಅಲ್ಲಿ ನಿಲ್ಲು, ನೀ ಇಲ್ಲಿಗೆ ಬಾ’ ಅಂತ ಹೇಳ್ತಾ ಇರ್ತಿದ್ದ. 2019ರಲ್ಲಿ ಅವನ ಕಾಲನ್ನೂ ಕಟ್ಟಿದರು. ಗೋಲ್ ಆದಮೇಲೆ ಮಾತ್ರ ಒಳಗೆ ಹೋಗಬೇಕು, ಆಟ ಶುರುವಾಗೋದರೊಳಗೆ ಹೊರಗೆ ಬರಬೇಕು. ಅದೇ ವರ್ಷ ಇನ್ನೊಂದು ನಿಯಮ ಬಂತು: ನಡುಮೈದಾನದ ಬೌನ್ಸ್ ಹೊತ್ತಿಗೆ ಎರಡೂ ತಂಡದವರು ಹಿಂದೆ ಆರು, ಮಧ್ಯೆ ಆರು, ಮುಂದೆ ಆರು ಜನ ಇದ್ದೇ ಇರಬೇಕು. ಗೋಲ್ ಬಿಟ್ಟುಕೊಟ್ಟ ಕೂಡಲೇ ಒಬ್ಬನನ್ನ ಹಿಂದಕ್ಕೆ ಕಳಿಸಿ ಗುಂಪು ಕಟ್ಟೋ ಹಳೇ ಉಪಾಯಕ್ಕೂ ಬೀಗ ಬಿತ್ತು. ಅಂದರೆ ಆಟ ನಡೆಸೋರೇ ಕೋಚ್‌ಗಳ ಕೈಯಿಂದ ಒಂದೊಂದೇ ಹಗ್ಗ ಕಿತ್ಕೊಂಡಿದ್ದಾರೆ. ಬರೆಯೋರು ಮಾತ್ರ ಇನ್ನೂ ಸೂತ್ರಧಾರ, ಗೊಂಬೆಯಾಟ ಅಂತಲೇ ಬರೀತಾರೆ.

‘ಮ್ಯಾಚ್‌ಅಪ್’ ಅನ್ನೋ ಪದವಂತೂ ಈ ವಾರ ಕೇಳಿ ಕೇಳಿ ಸಾಕಾಗಿದೆ. ಈ ವರ್ಷ ಅತಿ ಹೆಚ್ಚು ಗೋಲ್ ಹೊಡೆದು ಕೋಲ್ಮನ್ ಪದಕ ಗೆದ್ದ ಜಿಲಾಂಗ್‌ನ ಜೆರೆಮಿ ಕ್ಯಾಮರನ್ ಬೆನ್ನಿಗೆ ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರ್ಯೂಸ್ ನಿಲ್ತಾನಾ? ಐರ್ಲೆಂಡ್‌ನ ಮೇಯೋದಿಂದ ಬಂದ ಒಶೀನ್ ಮಲ್ಲಿನ್‌ನನ್ನ ಜಿಲಾಂಗ್ ಈ ಸಲ ಯಾರ ಮೇಲೆ ಅಂಟಿಸುತ್ತೆ? ಎರಡು ಸಲ ಬ್ರೌನ್‌ಲೋ ಪದಕ ಗೆದ್ದ ಲ್ಯಾಕಿ ನೀಲ್ ಮೀನಖಂಡದ ಗಾಯದಿಂದ ಎದ್ದು ಬರ್ತಾನಾ? ಇವು ಕೇಳಬಾರದ ಪ್ರಶ್ನೆಗಳಲ್ಲ. ನಾನೂ ಕೇಳ್ತೀನಿ, ಮೆಲ್ಬರ್ನ್ ಕನ್ನಡದ ಹುಡುಗರ ವಾಟ್ಸಾಪ್ ಗ್ರೂಪ್‌ನಲ್ಲಿ ರಾತ್ರಿ ಹನ್ನೊಂದಾದರೂ ಇದೇ ಜಗಳ. ಆದರೆ ಇದಕ್ಕೆ ಉತ್ತರ ಸಿಕ್ಕರೆ ಪಂದ್ಯಕ್ಕೆ ಉತ್ತರ ಸಿಕ್ಕಹಾಗೆ ಅನ್ನೋದು ಸುಳ್ಳು.

ಯಾಕೆ ಅಂದರೆ ಕ್ಯಾಮರನ್ ಒಂದು ಕಡೆ ನಿಲ್ಲೋ ಆಸಾಮಿಯೇ ಅಲ್ಲ. ಗೋಲ್ ಮುಂದೆ ಇರಬೇಕಾದವನು ನಡುಮೈದಾನದ ಅಂಚಿಗೆ ಬಂದು ಚೆಂಡು ಹಿಡಿದು ಮತ್ತೆ ವಾಪಸ್ ಓಡ್ತಾನೆ. ಆಂಡ್ರ್ಯೂಸ್ ಅವನ ಹಿಂದೆ ಅಲ್ಲೀತನಕ ಹೋದರೆ ಗೋಲ್ ಮುಂದೆ ಜಾಗ ಖಾಲಿ. ಹೋಗದಿದ್ದರೆ ಕ್ಯಾಮರನ್ ಖಾಲಿ. ಆ ಹೊತ್ತಲ್ಲಿ ‘ಅವನನ್ನ ನೀ ತಗೋ, ಇವನನ್ನ ನಾ ನೋಡ್ಕೋತೀನಿ’ ಅಂತ ಇಬ್ಬರು ಮೂವರು ಡಿಫೆಂಡರ್‌ಗಳು ಕೂಗಿ ಹಂಚ್ಕೋಬೇಕು. ಇದು ಒಂದು ಪಂದ್ಯದಲ್ಲಿ ನೂರಾರು ಸಲ ಆಗುತ್ತೆ. ಲಕ್ಷ ಜನ ಕಿರುಚ್ತಾ ಇರೋ ಮೈದಾನದಲ್ಲಿ, ಮೇಲೆ ಗಾಜಿನ ಕೋಣೆಯಲ್ಲಿ ಫೋನ್ ಹಿಡಿದು ಕೂತವರು ಇದನ್ನ ನಡೆಸೋಕೆ ಆಗಲ್ಲ. ಟಿವಿಯವರು ಬಿಡಿಸಿ ತೋರಿಸೋ ಬಾಣದ ಗುರುತು, ಹಳದಿ ವೃತ್ತ, ಇದನ್ನೆಲ್ಲ ನೋಡಿದರೆ ‘ಒಬ್ಬನ ಮೇಲೆ ಒಬ್ಬ’ ಅಂತ ಅನಿಸುತ್ತೆ. ನಡೆಯೋದು ‘ಎಲ್ಲರಿಗೂ ಎಲ್ಲರೂ’.

‘ಹಾಗಾದರೆ 2008?’ ಅಂತ ಈಗ ಯಾರಾದರೂ ಕೇಳೇ ಕೇಳ್ತಾರೆ. ಕೋಚ್ ಭಕ್ತರ ಬತ್ತಳಿಕೆಯಲ್ಲಿರೋ ಅತಿ ದೊಡ್ಡ ಬಾಣ ಅದು. ಸರಿ, ನೋಡೋಣ.

2008ರಲ್ಲಿ ಜಿಲಾಂಗ್ ಲೀಗ್ ಹಂತದಲ್ಲಿ ಸೋತಿದ್ದು ಒಂದೇ ಪಂದ್ಯ. ಫೈನಲ್‌ನಲ್ಲಿ ಎದುರಿಗೆ ಹಾಥಾರ್ನ್, ಕೋಚ್ ಅಲೆಸ್ಟರ್ ಕ್ಲಾರ್ಕ್‌ಸನ್. ಜಿಲಾಂಗ್ 11 ಗೋಲ್ 23 ಬಿಹೈಂಡ್, ಒಟ್ಟು 89. ಹಾಥಾರ್ನ್ 18 ಗೋಲ್ 7 ಬಿಹೈಂಡ್, ಒಟ್ಟು 115. ಆ 23 ಬಿಹೈಂಡ್‌ಗಳಲ್ಲಿ 11ನ್ನ ಹಾಥಾರ್ನ್ ಡಿಫೆಂಡರ್‌ಗಳೇ ಕೊಟ್ಟಿದ್ದು. ಒತ್ತಡ ಬಂದ ಕೂಡಲೇ ಚೆಂಡನ್ನ ತಮ್ಮದೇ ಕಂಬದ ಹಿಂದಕ್ಕೆ ದಾಟಿಸಿ, ಒಂದು ಪಾಯಿಂಟ್ ದಾನ ಮಾಡಿ, ಮತ್ತೆ ನಿಧಾನಕ್ಕೆ ಆಟ ಶುರು ಮಾಡೋದು. ಆರು ಹೋಗೋ ಕಡೆ ಒಂದು ಹೋಗಲಿ ಅನ್ನೋ ಲೆಕ್ಕ. ಅಪ್ಪಟ ರೈತನ ಲೆಕ್ಕ ಅದು. ಮುಂದಿನ ವರ್ಷವೇ, 2009ರಲ್ಲಿ, ಬೇಕಂತಲೇ ಹೀಗೆ ಮಾಡಿದರೆ ಎದುರಾಳಿಗೆ ಫ್ರೀ ಕಿಕ್ ಅಂತ ನಿಯಮ ತಂದರು. ಜೊತೆಗೆ ಕ್ಲಾರ್ಕ್‌ಸನ್‌ರ ‘ಕ್ಲಸ್ಟರ್’ ಅನ್ನೋ ಉಪಾಯ. ಆಳಿಗೆ ಆಳು ನಿಲ್ಲೋದು ಬಿಟ್ಟು, ಇಡೀ ತಂಡ ಬಲೆಯ ಹಾಗೆ ಒಟ್ಟಿಗೆ ಸರಿದಾಡೋದು.

ಭಕ್ತರು ಇದನ್ನ ಹೇಳಿ ‘ನೋಡಿ, ತಲೆ!’ ಅಂತಾರೆ. ತಲೆ ಇದೆ, ಇಲ್ಲ ಅಂದವರು ಯಾರು? ಆದರೆ ಆ ಬಲೆಯನ್ನ ಹಾಥಾರ್ನ್ ಹುಡುಗರು ಹೆಣೆದಿದ್ದು ಫೈನಲ್ ಹಿಂದಿನ ರಾತ್ರಿ ಅಲ್ಲ. ಇಡೀ ಸೀಸನ್ ಅದರಲ್ಲೇ ಆಡಿದರು. ಪಕ್ಕದವನು ಐದು ಹೆಜ್ಜೆ ಸರಿದರೆ ನಾನೂ ಸರೀಬೇಕು ಅನ್ನೋದು ಕಾಲಿಗೆ ಅಭ್ಯಾಸ ಆಗೋ ತನಕ ಆಡಿದರು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಗೋದು ನಾವೇ, ಫೈನಲ್ ವಾರದಲ್ಲಿ ಕೋಚ್‌ನ ‘ರಹಸ್ಯ ಅಸ್ತ್ರ’ ಹುಡುಕೋದೂ ನಾವೇ. 2008 ಫೈನಲ್ ದಿನದ ಚಾಣಾಕ್ಷತನಕ್ಕೆ ಸಾಕ್ಷಿ ಅಲ್ಲ, ಅಭ್ಯಾಸಕ್ಕೆ ಸಾಕ್ಷಿ.

ಫೈನಲ್ ದಿನಕ್ಕೇ ಅಂತ ಮಾಡಿದ ಯೋಜನೆ ನೋಡಬೇಕು ಅಂದರೆ 1989ಕ್ಕೆ ಹೋಗಿ. ಅವತ್ತೂ ಹಾಥಾರ್ನ್, ಜಿಲಾಂಗ್. ಮೊದಲ ಬೌನ್ಸ್ ಆಗ್ತಿದ್ದ ಹಾಗೇ ಜಿಲಾಂಗ್‌ನ ಮಾರ್ಕ್ ಯೇಟ್ಸ್ ಚೆಂಡಿನ ಕಡೆ ನೋಡದೆ ಓಡಿ ಬಂದು ಹಾಥಾರ್ನ್‌ನ ಡರ್ಮಟ್ ಬ್ರೆರಟನ್‌ಗೆ ಡಿಕ್ಕಿ ಹೊಡೆದ. ಮೊದಲೇ ಮಾಡಿದ್ದ ಯೋಜನೆ. ಪಕ್ಕೆಲುಬು ಮುರೀತು, ಮನುಷ್ಯ ಮೈದಾನದಲ್ಲೇ ವಾಂತಿ ಮಾಡ್ಕೊಂಡ. ಕಾಗದದ ಮೇಲೆ ಯೋಜನೆ ಫಲಿಸಿತು. ಆದರೆ ಬ್ರೆರಟನ್ ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೇ ಗೋಲ್ ಹೊಡೆದ, ಪಂದ್ಯದಲ್ಲಿ ಒಟ್ಟು ಮೂರು. ಹಾಥಾರ್ನ್ 144, ಜಿಲಾಂಗ್ 138. ಜಿಲಾಂಗ್‌ನ ಗ್ಯಾರಿ ಆಬ್ಲೆಟ್ ಒಬ್ಬನೇ 9 ಗೋಲ್ ಹೊಡೆದರೂ ತಂಡ ಸೋತಿತು. ಎದುರಿನವನ ಪಕ್ಕೆಲುಬು ಮುರಿಯೋದು ಯೋಜನೆಯಲ್ಲಿ ಇರಬಹುದು, ಮುರಿದ ಪಕ್ಕೆಲುಬಲ್ಲೇ ಅವನು ಆಡ್ತಾನೆ ಅನ್ನೋದಕ್ಕೆ ಯಾವ ಬೋರ್ಡಿನ ಮೇಲೂ ಬಾಣ ಬರೆಯೋಕೆ ಆಗಲ್ಲ.

ಇನ್ನೊಂದು. 2018, ವೆಸ್ಟ್ ಕೋಸ್ಟ್ ಮತ್ತು ಕಾಲಿಂಗ್‌ವುಡ್. ಮೊದಲ ಐದು ಗೋಲ್ ಕಾಲಿಂಗ್‌ವುಡ್‌ದು. ಆ ಹೊತ್ತಿಗೆ ನಿಲ್ಲಿಸಿದ್ದರೆ ನೇಥನ್ ಬಕ್ಲಿ ಜೀನಿಯಸ್, ಆಡಂ ಸಿಂಪ್ಸನ್ ದಡ್ಡ. ಕೊನೆಯ ನಿಮಿಷಗಳಲ್ಲಿ ಕಾಲಿಂಗ್‌ವುಡ್ ಸ್ವಲ್ಪವೇ ಮುಂದೆ. ಜೆರೆಮಿ ಮೆಕ್‌ಗವರ್ನ್ ತನ್ನ ಗೋಲ್ ಕಡೆ ಬಂದ ಚೆಂಡನ್ನ ಹಿಡಿದ. ಅವನಿಂದ ವಾರ್ಡಿಗೆ, ವಾರ್ಡಿಯಿಂದ ಲಿಯಂ ರಯನ್‌ಗೆ, ರಯನ್‌ನಿಂದ ಡಾಮ್ ಶೀಡ್‌ಗೆ. ಶೀಡ್ ನಿಂತಿದ್ದು ಗೆರೆಯ ಪಕ್ಕ, ಕಂಬಗಳ ಮಧ್ಯೆ ಜಾಗವೇ ಕಾಣದ ಕೋನದಲ್ಲಿ. ಒದ್ದ, ಗೋಲ್. 79ಕ್ಕೆ 74. ಆ ನಾಲ್ಕು ಮಾರ್ಕ್‌ಗಳಲ್ಲಿ ಯಾವುದೊಂದು ಬೆರಳ ತುದಿಯಿಂದ ಜಾರಿದ್ದರೂ ಇವತ್ತು ಪುಸ್ತಕಗಳಲ್ಲಿ ಇರೋದು ಬೇರೆ ಕಥೆ. ಸಿಂಪ್ಸನ್ ಆ ನಾಲ್ಕು ಒದೆತ ಕಲಿಸಿರಬಹುದು, ಅವತ್ತು ಅವನ್ನ ಹೇಳಿ ಮಾಡಿಸಲಿಲ್ಲ. ಆದರೂ ಆ ಐದು ಪಾಯಿಂಟ್‌ನ ಭಾರ ಬಕ್ಲಿ ಹೆಗಲ ಮೇಲೇ ಕೂತಿತು. 2021ರ ಸೀಸನ್ ಅರ್ಧದಲ್ಲಿ ಅವರು ಕ್ಲಬ್ ಬಿಟ್ಟರು.

ನನಗೆ ಸಿಟ್ಟು ಬರೋದು ಇಲ್ಲೇ. ಸ್ಕೋರ್‌ಬೋರ್ಡ್ ನೋಡಿ ಹಿಂದಕ್ಕೆ ಕಥೆ ಹೆಣೆಯೋದು ಬರೀ ಸೋಮಾರಿತನ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದರಿಂದ ಮನುಷ್ಯರ ಬೆಲೆ ಕಟ್ತಾರೆ.

ಈ ಇಬ್ಬರು ಕ್ರಿಸ್‌ಗಳನ್ನೇ ತಗೊಳ್ಳಿ. ಫೈನಲ್ಸ್ ಹಂತದಲ್ಲಿ ಇವರಿಬ್ಬರು ಇಲ್ಲೀತನಕ ನಾಲ್ಕು ಸಲ ಎದುರಾಗಿದ್ದಾರೆ. 2020ರಲ್ಲಿ ಜಿಲಾಂಗ್ 40 ಪಾಯಿಂಟ್‌ನಿಂದ ಗೆದ್ದಿತು. 2022ರಲ್ಲಿ ಜಿಲಾಂಗ್ 71ರಿಂದ. 2024ರಲ್ಲಿ ಬ್ರಿಸ್ಬೇನ್ 10ರಿಂದ. ಈ ತಿಂಗಳ ಮೊದಲ ವಾರದಲ್ಲಿ ಜಿಲಾಂಗ್ 38ರಿಂದ. ಹಾಗಾದರೆ ಸ್ಕಾಟ್ ಬುದ್ಧಿವಂತರು, 2024ರ ಒಂದು ಸಂಜೆ ದಡ್ಡರಾದರು, ಮತ್ತೆ ಬುದ್ಧಿವಂತರಾದರು ಅಂತಲಾ? ಮೂರು ವಾರದ ಹಿಂದೆ ಫೇಗನ್‌ಗೆ ‘ಉತ್ತರ ಇರಲಿಲ್ಲ’ ಅಂತ ಬರೆದವರೇ, ಬ್ರಿಸ್ಬೇನ್ ಮುಂದಿನ ಎರಡು ಪಂದ್ಯ ಗೆದ್ದು ಫೈನಲ್‌ಗೆ ಬಂದ ಕೂಡಲೇ ‘ಫೇಗನ್ ಉತ್ತರ ಕಂಡುಕೊಂಡರು’ ಅಂತ ಬರೀತಿದ್ದಾರೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸಂಬಂಧ ಕಟ್ಟೋ ಕೆಲಸ.

ಇನ್ನೂ ಚೆನ್ನಾಗಿರೋ ಉದಾಹರಣೆ ಬೇಕಾ? 2023ರ ಫೈನಲ್. ಕಾಲಿಂಗ್‌ವುಡ್ 12 ಗೋಲ್ 18 ಬಿಹೈಂಡ್, 90. ಬ್ರಿಸ್ಬೇನ್ 13 ಗೋಲ್ 8 ಬಿಹೈಂಡ್, 86. ಸರಿಯಾಗಿ ಓದಿ: ಗೋಲ್ ಹೆಚ್ಚು ಹೊಡೆದ ತಂಡ ಸೋತಿದೆ, ನಾಲ್ಕು ಪಾಯಿಂಟ್‌ನಿಂದ. ಅವತ್ತು ಫೇಗನ್ ‘ದೊಡ್ಡ ಪಂದ್ಯ ಗೆಲ್ಲಲಾಗದವರು’. ಮುಂದಿನ ವರ್ಷ ಅದೇ ಫೇಗನ್, ಹೆಚ್ಚುಕಡಿಮೆ ಅದೇ ತಂಡ, ಲೀಗ್‌ನಲ್ಲಿ ಐದನೇ ಸ್ಥಾನದಿಂದ ಬಂದು ಸಿಡ್ನಿಯನ್ನ ಫೈನಲ್‌ನಲ್ಲಿ 120ಕ್ಕೆ 60ರಿಂದ ಹೊಡೆದಾಗ 63ನೇ ವಯಸ್ಸಿನ ಮಹಾಗುರು. ಹನ್ನೆರಡು ತಿಂಗಳಲ್ಲಿ ಮನುಷ್ಯನ ಮಿದುಳು ಬದಲಾಗಲ್ಲ. ಅವತ್ತು ಸಿಡ್ನಿ ಕಡೆ ಇದ್ದ ಜಾನ್ ಲಾಂಗ್‌ಮೈರ್ 2012ರಲ್ಲಿ ಕಪ್ ಗೆದ್ದವರು. ಆಮೇಲೆ 2014, 2016, 2022, 2024, ನಾಲ್ಕು ಫೈನಲ್ ಸೋತರು. ಐದು ಸಲ ತಂಡವನ್ನ ಕೊನೆಯ ದಿನದ ತನಕ ತಂದವರನ್ನ ನೆನಪಿಡೋದು ಸೋತ ನಾಲ್ಕಕ್ಕೆ. ಐದು ಸಲವೂ ಮನೆಯಲ್ಲಿ ಕೂತು ಟಿವಿ ನೋಡಿದ ಕೋಚ್‌ಗಳ ಮೇಲೆ ಈ ಕಳಂಕ ಇಲ್ಲ, ಯಾಕಂದರೆ ಅವರು ಫೈನಲ್ ಸೋತೇ ಇಲ್ಲವಲ್ಲ!

ಸ್ಕಾಟ್‌ಗೂ ಇದು ತಪ್ಪಿಲ್ಲ. 2011ರಲ್ಲಿ, ಕೋಚ್ ಆದ ಮೊದಲ ವರ್ಷವೇ ಕಪ್. ಆಮೇಲೆ ಹತ್ತು ವರ್ಷ ‘ಬೇರೆಯವರು ಕಟ್ಟಿದ ತಂಡದಲ್ಲಿ ಗೆದ್ದರು, ಫೈನಲ್ಸ್‌ನಲ್ಲಿ ಹೆದರ್ತಾರೆ’ ಅನ್ನೋ ಮಾತು. 2022ರಲ್ಲಿ ಸಿಡ್ನಿ ಮೇಲೆ 81 ಪಾಯಿಂಟ್‌ನಿಂದ ಗೆದ್ದ ದಿನದಿಂದ ‘ದೂರದೃಷ್ಟಿಯವರು’. ದೃಷ್ಟಿ ದೂರದ್ದೇ ಆಗಿದ್ದರೆ ಆ ಹತ್ತು ವರ್ಷವೂ ಇತ್ತು ತಾನೇ? ಕಾಣದೇ ಇದ್ದಿದ್ದು ಯಾರಿಗೆ?

ಇದು ಕೋಚ್‌ಗಳಿಗೆ ಆಗೋ ಅನ್ಯಾಯ. ಇದಕ್ಕಿಂತ ದೊಡ್ಡದು ಆಟಗಾರರಿಗೆ ಆಗೋದು. ‘ಕೋಚ್‌ನ ಮಾಸ್ಟರ್‌ಸ್ಟ್ರೋಕ್’ ಅನ್ನೋ ಒಂದು ಪದದ ಕೆಳಗೆ ಎಷ್ಟು ಜನರ ಓಟ ಮುಚ್ಚಿಹೋಗುತ್ತೆ ಗೊತ್ತಾ? ಎದುರಾಳಿಯ ಒಳ್ಳೇ ಆಟಗಾರನಿಗೆ ಅಂಟ್ಕೊಂಡು ಎರಡು ಗಂಟೆ ಓಡೋ ಟ್ಯಾಗರ್‌ನ ಹೆಸರಿನ ಮುಂದೆ ಚೆಂಡು ಮುಟ್ಟಿದ ಲೆಕ್ಕ ಬಹಳ ಕಡಿಮೆ ಇರುತ್ತೆ. ಅವನ ಕೆಲಸ ಚೆನ್ನಾಗಿ ಆದಷ್ಟೂ ಟಿವಿಯಲ್ಲಿ ಏನೂ ಕಾಣಲ್ಲ. ಚೆಂಡು ತನಗೆ ಬರಲ್ಲ ಅಂತ ಗೊತ್ತಿದ್ದೂ, ಡಿಫೆಂಡರ್‌ನ ಎಳ್ಕೊಂಡು ಹೋಗೋಕೆ ಅಂತಲೇ ಎಂಬತ್ತು ಮೀಟರ್ ಓಡೋ ಫಾರ್ವರ್ಡ್‌ನ ಓಟ ಯಾವ ಅಂಕಿಅಂಶದಲ್ಲೂ ದಪ್ಪಕ್ಷರದಲ್ಲಿ ಬರಲ್ಲ. ಶನಿವಾರ ಸಬ್ ಆಗಿ ಇಳಿದವನು ಎರಡು ಗೋಲ್ ಹೊಡೆದರೆ ಹೊಗಳಿಕೆ ಇಳಿಸಿದವರಿಗೆ. ಹೊಡೆದವನಿಗಿಂತ ಕಳಿಸಿದವರು ದೊಡ್ಡವರು!

ಕಂಪ್ಯೂಟರ್ ಮುಂದೆ ಕೂರೋ ನಮಗೆ ಇದು ಬೇರೆ ದೇಶದ ಕಥೆ ಅನಿಸಲ್ಲ ಅಂದ್ಕೋತೀನಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ, ಹಬ್ಬದ ಸೇಲ್ ದಿನ ಸಿಸ್ಟಮ್ ಒಂದು ನಿಮಿಷವೂ ಬೀಳಲಿಲ್ಲ. ದೊಡ್ಡ ಮೀಟಿಂಗ್ ಕರೆದು ಮೇಲಿನವರೊಬ್ಬರ ‘ಸ್ಟ್ರ್ಯಾಟಜಿ’ಗೆ ಚಪ್ಪಾಳೆ ಹೊಡೆಸಿದರು. ಆ ದಿನಕ್ಕೆ ಮುಂಚೆ ಎಂಟು ತಿಂಗಳು ಕೂತು ಒಂದೊಂದೇ ಹಳೇ ಅಲರ್ಟ್ ಸರಿ ಮಾಡಿ, ಯಾವ ಸರ್ವರ್ ಯಾವಾಗ ಕೈಕೊಡುತ್ತೆ ಅಂತ ಪಟ್ಟಿ ಬರೆದಿಟ್ಟಿದ್ದು ಸಪೋರ್ಟ್ ಟೀಮ್‌ನ ಇಬ್ಬರು ಹುಡುಗಿಯರು. ಅವರಲ್ಲಿ ಒಬ್ಬಳಿಗೆ ಅಪ್ರೈಸಲ್‌ನಲ್ಲಿ ಬಂದ ಮಾತು: ‘ವಿಸಿಬಿಲಿಟಿ ಸಾಲದು.’ ಮುಂದಿನ ವರ್ಷ ಅದೇ ಸೇಲ್ ದಿನ ಸಿಸ್ಟಮ್ ಬಿತ್ತು. ಆ ದೊಡ್ಡವರನ್ನೇ ಮನೆಗೆ ಕಳಿಸಿದರು. ಮೊದಲ ವರ್ಷದ ಚಪ್ಪಾಳೆಯೂ ತಪ್ಪು, ಎರಡನೇ ವರ್ಷದ ಶಿಕ್ಷೆಯೂ ತಪ್ಪು. ಎರಡು ಸಲವೂ ಆ ಹುಡುಗಿಯರ ಪಟ್ಟಿಯನ್ನ ಯಾರೂ ತೆಗೆದು ನೋಡಲಿಲ್ಲ. ಒಬ್ಬ ಸೂತ್ರಧಾರ ಇದ್ದೇ ಇರ್ತಾನೆ ಅನ್ನೋ ನಂಬಿಕೆಯನ್ನ ನಾವು ವಾರಾಂತ್ಯದಲ್ಲಿ ಆಟ ನೋಡ್ತಾ ಕಲೀತೀವಿ, ಸೋಮವಾರ ಆಫೀಸಿಗೆ ತಗೊಂಡು ಹೋಗ್ತೀವಿ.

‘ಹಾಗಾದರೆ ಕೋಚ್ ಸುಮ್ಮನೆ ಸಂಬಳ ತಗೋತಾರಾ?’ ಇಲ್ಲ. ನಾನು ಹೇಳ್ತಿರೋದು ಅದರ ಉಲ್ಟಾ. ಕೋಚ್‌ನ ಕೆಲಸ ನೀವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ದೊಡ್ಡದು, ಅದಕ್ಕೇ ಅದು ಶನಿವಾರ ಕಾಣಲ್ಲ.

ಫೇಗನ್ ಟಾಸ್ಮೇನಿಯಾದವರು. ಮೇಷ್ಟ್ರಾಗಿದ್ದವರು. ಅತ್ಯುನ್ನತ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿದವರಲ್ಲ. ಕ್ಲಾರ್ಕ್‌ಸನ್ ಕಾಲದ ಹಾಥಾರ್ನ್‌ನಲ್ಲಿ ವರ್ಷಗಟ್ಟಲೆ ತೆರೆಮರೆಯಲ್ಲಿ ದುಡಿದು, 2016ರ ಕೊನೆಗೆ ಬ್ರಿಸ್ಬೇನ್‌ಗೆ ಬಂದಾಗ ಆ ತಂಡ 18ರಲ್ಲಿ 17ನೇ ಸ್ಥಾನದಲ್ಲಿತ್ತು. ಅವರ ಮೊದಲ ವರ್ಷ ಅದೂ ಜಾರಿ ಕೊನೇ ಸ್ಥಾನ. ಎರಡನೇ ವರ್ಷ 15. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ಮೂರು ಕೋಚ್ ಬದಲಾಗಿ, ನಾಲ್ಕನೆಯವರಿಗೆ ಹಾರ ಹಾಕ್ತಿದ್ದೆವು. ಬ್ರಿಸ್ಬೇನ್ ಕಾಯ್ತು. 2019ರಲ್ಲಿ ಎರಡನೇ ಸ್ಥಾನಕ್ಕೆ ಬಂದು ಫೈನಲ್ಸ್‌ನಲ್ಲಿ ಎರಡೂ ಪಂದ್ಯ ಸೋತಿತು. 2020ರಲ್ಲಿ ಪ್ರಿಲಿಮಿನರಿ ಫೈನಲ್‌ನಲ್ಲಿ ಸೋತಿತು, 2021ರಲ್ಲಿ ಮತ್ತೆ ಎರಡೂ ಸೋತಿತು, ಅದರಲ್ಲೊಂದು ಒಂದೇ ಪಾಯಿಂಟ್‌ನಿಂದ. 2022, 2023 ಮತ್ತೆ ಸೋಲು. ಪ್ರತಿ ವರ್ಷ ಸೋತರೂ ಪ್ರತಿ ವರ್ಷ ಅಲ್ಲಿಗೆ ಬಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೋಚ್ ಅನ್ನೋರು ಕುಂಬಾರರು. ಫೈನಲ್ ಅನ್ನೋದು ದೊಣ್ಣೆ. ಮಡಕೆ ಉಳಿಯಿತಾ ಒಡೆಯಿತಾ ಅಂತ ದೊಣ್ಣೆ ಹೇಳುತ್ತೆ ನಿಜ. ಆದರೆ ದೊಣ್ಣೆ ಬಿದ್ದ ನಿಮಿಷ ನೋಡಿ ಕುಂಬಾರಿಕೆ ಅಳೆಯೋದು ಎಲ್ಲಿಯ ನ್ಯಾಯ?

ರಿಚ್ಮಂಡ್ ಕಥೆಯೂ ಇದೇ. 2016ರಲ್ಲಿ 13ನೇ ಸ್ಥಾನ, ಕೋಚ್ ಡೇಮಿಯನ್ ಹಾರ್ಡ್‌ವಿಕ್‌ರನ್ನ ಓಡಿಸಿ ಅಂತ ಊರೆಲ್ಲ ಕೂಗು. ಕ್ಲಬ್ ಓಡಿಸಲಿಲ್ಲ. 2017ರಲ್ಲಿ ಎತ್ತರದ ಫಾರ್ವರ್ಡ್ ಅಂತ ಜ್ಯಾಕ್ ರೀವೋಲ್ಟ್ ಒಬ್ಬನನ್ನೇ ಇಟ್ಕೊಂಡು, ಸುತ್ತ ಪುಟ್ಟ ಪುಟ್ಟ ವೇಗದ ಹುಡುಗರನ್ನ ಬಿಟ್ಟರು. ಚೆಂಡು ಹಿಡಿಯೋಕೆ ಆಗದಿದ್ದರೂ ಪರವಾಗಿಲ್ಲ, ಕೆಳಗೆ ಬಿದ್ದ ಮೇಲೆ ಎದುರಾಳಿಯನ್ನ ಉಸಿರಾಡೋಕೆ ಬಿಡಬೇಡಿ ಅನ್ನೋ ಆಟ. ಫೈನಲ್‌ನಲ್ಲಿ ಅಡಿಲೇಡ್ ಮೇಲೆ 48 ಪಾಯಿಂಟ್ ಗೆಲುವು, 1980ರ ನಂತರ ಮೊದಲ ಕಪ್. ಅದಾದ ಮೇಲೆ 2019, 2020. ಇದನ್ನ ‘ಫೈನಲ್‌ನಲ್ಲಿ ಅಡಿಲೇಡ್‌ಗೆ ಹಾಕಿದ ಬಲೆ’ ಅಂತ ಬರೆಯೋರಿದ್ದಾರೆ. ಅಡಿಲೇಡ್ ಸಿಕ್ಕಿಬಿದ್ದಿದ್ದು ಸೆಪ್ಟೆಂಬರ್‌ನಲ್ಲಿ. ಬಲೆ ನೀರಿಗೆ ಬಿದ್ದಿದ್ದು ಅದಕ್ಕಿಂತ ತಿಂಗಳುಗಳ ಮುಂಚೆ.

ಅದಕ್ಕೇ ಶನಿವಾರ ಬೆಳಿಗ್ಗೆ, ದಸರಾ ರಜೆಗೆ ಊರಿಗೆ ಹೋಗಿದ್ದರೂ ಸರಿ, ಫೋನ್‌ನಲ್ಲಾದರೂ ಸರಿ, ಪಂದ್ಯ ನೋಡಿ. ಕ್ಯಾಮೆರಾ ಕೋಚ್‌ಗಳ ಗಾಜಿನ ಕೋಣೆ ತೋರಿಸಿದಾಗೆಲ್ಲ ಒಂದು ಗುಟುಕು ಕಾಫಿ ಕುಡೀರಿ, ಆಟಕ್ಕೆ ಬಂದಾಗ ಮೂರು ವಿಷಯ ಗಮನಿಸಿ.

ಒಂದು, ಚೆಂಡು ಕಳ್ಕೊಂಡ ಕ್ಷಣ. ಬ್ರಿಸ್ಬೇನ್‌ನವರು ಒದ್ದು ಹಿಡಿದು, ಒದ್ದು ಹಿಡಿದು, ಚೆಂಡನ್ನ ತಮ್ಮ ಕೈಯಲ್ಲೇ ಇಟ್ಕೊಂಡು ಆಡೋ ತಂಡ. ಜಿಲಾಂಗ್ ಅದನ್ನ ಕಿತ್ಕೊಂಡ ಕೂಡಲೇ ಬಾಣದ ಹಾಗೆ ಓಡೋ ತಂಡ. ಹಾಗಾಗಿ ಬ್ರಿಸ್ಬೇನ್ ಕೈಯಿಂದ ಚೆಂಡು ಜಾರಿದಾಗ, ಜಾರಿಸಿದವನನ್ನ ನೋಡಬೇಡಿ. ಚೆಂಡಿಗೆ ಸಂಬಂಧವೇ ಇಲ್ಲದ ದೂರದಲ್ಲಿರೋ ಬ್ರಿಸ್ಬೇನ್ ಹುಡುಗರಲ್ಲಿ ಎಷ್ಟು ಜನ ತಮ್ಮ ಗೋಲ್ ಕಡೆ ತಿರುಗಿ ಓಡ್ತಾರೆ ಅಂತ ಎಣಿಸಿ.

ಎರಡು, ಕ್ಯಾಮರನ್ ಮೇಲಕ್ಕೆ ಓಡಿ ಬಂದಾಗ ಬ್ರಿಸ್ಬೇನ್ ಡಿಫೆಂಡರ್‌ಗಳ ಬಾಯಿ ಮತ್ತು ಕೈ ನೋಡಿ. ತೋರಿಸಿ ಕೂಗಿ ಹಂಚ್ಕೊಳ್ತಿದ್ದಾರಾ, ಇಲ್ಲ ಒಬ್ಬರ ಮುಖ ಒಬ್ಬರು ನೋಡ್ತಿದ್ದಾರಾ?

ಮೂರು, ಒಂದರ ಹಿಂದೆ ಒಂದು ಎರಡು ಗೋಲ್ ಬಿಟ್ಟುಕೊಟ್ಟ ಮೇಲೆ ಆ ತಂಡ ಹೇಗಾಡುತ್ತೆ. 2021ರ ಫೈನಲ್ ಪರ್ತ್‌ನಲ್ಲಿ ನಡೆದಾಗ ವೆಸ್ಟರ್ನ್ ಬುಲ್‌ಡಾಗ್ಸ್ ಮೂರನೇ ಭಾಗದಲ್ಲಿ ಮುಂದಿತ್ತು. ಮೆಲ್ಬರ್ನ್ ಒಂದಾದ ಮೇಲೊಂದು ಗೋಲ್ ಹೊಡೀತಾ ಹೋಗಿ ಕೊನೆಗೆ 74 ಪಾಯಿಂಟ್‌ನಿಂದ ಗೆದ್ದಿತು. ಅಂಥ ಹೊತ್ತಲ್ಲಿ ಫೋನ್, ರನ್ನರ್, ಬೋರ್ಡು ಯಾವುದೂ ಕೈಗೆ ಬರಲ್ಲ. ಕಾಲಿಗೆ ಕಲಿತಿದ್ದು ಮಾತ್ರ ಬರುತ್ತೆ.

ಈ ಮೂರನ್ನ ನೋಡಿದರೆ ಇಬ್ಬರು ಕ್ರಿಸ್‌ಗಳೂ ವರ್ಷಗಟ್ಟಲೆ ಏನು ಮಾಡಿದ್ದಾರೆ ಅನ್ನೋದು ನಿಮಗೇ ಕಾಣುತ್ತೆ. ಸೋತವರ ಕೆಲಸವೂ ಕಾಣುತ್ತೆ. ಸೋತ ತಂಡದಲ್ಲಿ ನಲವತ್ತನೇ ಸಲ ಹಿಂದಕ್ಕೆ ಓಡಿದ ಹುಡುಗನ ಹೆಸರೂ ಗೊತ್ತಾಗುತ್ತೆ. ಭಾನುವಾರ ಬೆಳಿಗ್ಗೆ ಯಾರಾದರೂ ‘ಮಾಸ್ಟರ್‌ಸ್ಟ್ರೋಕ್ ನೋಡಿದ್ರಾ’ ಅಂತ ಮೆಸೇಜ್ ಹಾಕಿದರೆ ಜಗಳ ಮಾಡಬೇಡಿ. ಆ ಹುಡುಗನ ಹೆಸರು ಟೈಪ್ ಮಾಡಿ, ‘ಇವನನ್ನ ನೋಡಿದ್ರಾ?’ ಅಂತ ಕೇಳಿ. ಬಾಲ ಹಿಡಿದವರ ಹತ್ತಿರ ಅದಕ್ಕೆ ಉತ್ತರ ಇರಲ್ಲ.